ಅಫೀಮು ಬಿಟ್ಟವನ ಮೈ

"ವಿಷ ಮೈಯಿಂದ ಹೊರಟುಹೋದರೆ ಹಾಯೆನಿಸಬೇಕಲ್ಲವೇ ಗುರುಗಳೇ? ಅಫೀಮು ಬಿಟ್ಟವನು ಇಷ್ಟೊಂದು ನರಳುವುದೇಕೆ?" ಎಂದು ಸಿದ್ಧವೀರ ಕೇಳಿದ. ಚಟ ಬಿಡಲೆಂದು ಮಠಕ್ಕೆ ಬಂದಿದ್ದ ಅವನ ಅಣ್ಣ, ಒಂದೇ ಒಂದು ಚೂರು ಕೊಡೆಂದು ಬೆಳಗಿನಿಂದ ಗೋಗರೆಯುತ್ತಿದ್ದ. ನಿನಗೆ ಮನಸ್ಸು ಗಟ್ಟಿಯಿಲ್ಲ ಎಂದು ಬೈದು, ಕೋಣೆಗೆ ಚಿಲಕ ಹಾಕಿ ಸಿದ್ಧವೀರ ಎದ್ದು ಬಂದಿದ್ದ.

ಗುರುಗಳು ಹೇಳಿದ ಕತೆ ಇದು.

ಕುದುರೆ ಪಳಗಿಸುವವನೊಬ್ಬನಿದ್ದ. ಒಮ್ಮೆ ಕುದುರೆ ಕೆಡವಿ ಅವನ ಸೊಂಟ ಮುರಿಯಿತು. ನೋವು ತಾಳಲಾರದೆ ಅಫೀಮು ತಿಂದ. ಮೂಳೆ ಕೂಡಿಕೊಂಡಿತು, ಅಫೀಮು ಉಳಿದುಕೊಂಡಿತು. ಮೊದಮೊದಲು ಮೆಣಸಿನ ಕಾಳಿನಷ್ಟು ಸಾಕಾಗುತ್ತಿತ್ತು. ಬರಬರುತ್ತ ಕಡಲೆಯಷ್ಟು ತಿಂದರೂ ಸಾಲದಾಯಿತು.

ಮಗಳ ತಲೆ ಮುಟ್ಟಿ ಆಣೆ ಮಾಡಿ ಅವನು ಅದನ್ನು ಬಿಟ್ಟ. ಮರುದಿನವೇ ಆಕಳಿಕೆ ಹತ್ತಿತು. ಕಣ್ಣು ಮೂಗು ಸೋರಿದವು. ಮೈಯೆಲ್ಲ ಮುಳ್ಳೆದ್ದಿತು, ಹೊಟ್ಟೆ ಕೆಟ್ಟಿತು, ಕಾಲುಗಳು ತಾವಾಗಿಯೇ ಒದ್ದಾಡಿದವು. ವಾಸಿಯಾಗಿದ್ದ ಸೊಂಟವೂ ಹೊಸದಾಗಿ ಮುರಿದಂತೆ ನೋಯಿತು. ಸಂಜೆಯಾಗುವಷ್ಟರಲ್ಲಿ ತೆವಳಿಕೊಂಡೇ ಅಂಗಡಿಗೆ ಹೋದ. ಮಗಳಿಗಿಂತ ಅಫೀಮೇ ಹೆಚ್ಚಾಯಿತೇ ಎಂದು ಹೆಂಡತಿ ಅತ್ತಳು. ಹೌದೇನೋ ಎಂದು ಅವನಿಗೂ ಅನಿಸಿತು. ಅಂದಿನಿಂದ ಅವನು ಮಗಳ ಮುಖ ನೋಡುವುದನ್ನೇ ಬಿಟ್ಟ.

ಗಂಡನ ಮನಸ್ಸು ಗಟ್ಟಿಯಾಗಲು ಮದ್ದು ಬೇಕೆಂದು ಹೆಂಡತಿ ವೈದ್ಯನ ಬಳಿ ಹೋದಳು. ಅದಕ್ಕೆ ಮದ್ದಿಲ್ಲ, ಕೆಟ್ಟಿರುವುದು ಮನಸ್ಸೂ ಅಲ್ಲ ಎಂದ ವೈದ್ಯ. ನೋವನ್ನು ತಣಿಸುವ ರಸವನ್ನು ಮೈ ತಾನೇ ಮಾಡಿಕೊಳ್ಳುತ್ತದೆ; ಅದನ್ನು ಹಿಡಿದುಕೊಳ್ಳುವ ಸಣ್ಣ ತಾಣಗಳು ನರಗಳಲ್ಲಿವೆ; ಅಫೀಮು ಬಂದು ಅಲ್ಲೇ ಕೂರುತ್ತದೆ. ದಿನವೂ ಹಾಗೆ ಬಂದರೆ ತಾಣಗಳು ಜಡ್ಡುಗಟ್ಟುತ್ತವೆ, ಆಮೇಲೆ ಮೈಯ ರಸ ಅವಕ್ಕೆ ಏತಕ್ಕೂ ಸಾಲದು. ಅಫೀಮಿನ ಮಂಪರಿನಲ್ಲೂ ಎಚ್ಚರವಾಗಿರಬೇಕಲ್ಲ, ಅದಕ್ಕಾಗಿ ನರಗಳು ಗಟ್ಟಿಯಾಗಿ ಕೂಗುವುದನ್ನು ಕಲಿತಿರುತ್ತವೆ. ಮಂಪರು ಹೋದ ಮೇಲೂ ಅವು ಕೂಗು ತಗ್ಗಿಸುವುದಿಲ್ಲ. ಥಟ್ಟನೆ ಬಿಡಿಸಬೇಡ, ಸ್ವಲ್ಪಸ್ವಲ್ಪವೇ ಇಳಿಸುತ್ತ ಬಾ ಎಂದು ಹೇಳಿ ವೈದ್ಯ ಅವಳನ್ನು ಕಳಿಸಿದ.

ಅವಳು ಹಾಗೇ ಮಾಡಿದಳು. ಗಂಡ ಒದ್ದಾಡಿದಾಗ ಕಾಲು ನೀವಿದಳು, ಉಪ್ಪು ಹಾಕಿದ ಗಂಜಿ ಕುಡಿಸಿದಳು. ನನ್ನನ್ನು ಬಿಟ್ಟುಬಿಡು, ನಾನು ಕೆಟ್ಟವನು ಎಂದು ಅವನು ಅತ್ತಾಗ, "ಕೂಗುತ್ತಿರುವುದು ನಿಮ್ಮ ನರಗಳು. ಅವು ಸುಮ್ಮನಾಗುವವರೆಗೂ ನಾನು ಇಲ್ಲೇ ಕೂತಿರುತ್ತೇನೆ" ಎಂದಳು.

ಬಹಳ ಕಾಲ ಹಿಡಿಯಿತು. ನಡುವೆ ಒಮ್ಮೆ ಮತ್ತೆ ಜಾರಿದ, ಮತ್ತೆ ಎದ್ದ. ಕೊನೆಗೆ ಒಂದು ದಿನ ಅವನು ಜಗಲಿಯ ಮೇಲೆ ಕೂತಿದ್ದಾಗ ಮಗಳು ಬಂದು ಬೆನ್ನಿಗೆ ಒರಗಿದಳು. ಎದೆಯೊಳಗೆ ತಂಪೆನಿಸಿತು. ಏನೂ ತಿಂದಿಲ್ಲವಲ್ಲ, ಇದು ಎಲ್ಲಿಂದ ಬಂತು ಎಂದು ಅವನು ಬೆರಗಾದ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರ, "ಹಾಗಾದರೆ ಅವನನ್ನು ಗುಣಪಡಿಸಿದ್ದು ವೈದ್ಯನೋ, ಹೆಂಡತಿಯೋ?" ಎಂದ.

"ನಿನ್ನ ಅಣ್ಣನ ಹತ್ತಿರ ಈಗ ಯಾರಿದ್ದಾರೆ?" ಎಂದರು ಗುರುಗಳು.