ತೆರೆಯ ಮುಂದೆ ನಿಂತ ರಕ್ಕಸ

ಯಾರು ಏನು ಹೇಳಿದರೂ ಮೊದಲು ತಲೆಯಾಡಿಸಿ, ಆಮೇಲೆ ಒಬ್ಬನೇ ಕೂತು ಅದರ ಅರ್ಥ ಹುಡುಕುವುದು ಕೊಗ್ಗನ ಅಭ್ಯಾಸ. ಬಯಲಾಟದ ಮೇಳದಲ್ಲಿ ವೇಷಗಳ ಮುಂದೆ ತೆರೆ ಹಿಡಿದು ನಿಲ್ಲುವುದು ಅವನ ಕೆಲಸ. ಅದು ಬಾಯಿ ಬೇಡದ ಕೆಲಸ. ಹಾಗಾಗಿ ಆ ಅಭ್ಯಾಸದಿಂದ ಅವನಿಗೆ ಕೇಡೇನೂ ಆಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಿರೇತೊರೆಯ ಬೀದಿಯಲ್ಲಿ ಡಂಗುರ ಕೇಳಿಸಿತು. "ಕಂಚಿರಾಯ ದೊರೆಗಳ ಅರಮನೆಯಲ್ಲಿ ರಕ್ಕಸನೊಬ್ಬ ತೆರೆ ಹಿಡಿದಿದ್ದಾನೆ. ಅವನ ಮೂರು ಒಗಟು ಬಿಡಿಸಿ ತೆರೆ ಬಿಡಿಸಿದವರಿಗೆ ಕೇಳಿದ ಉಡುಗೊರೆ. ತಪ್ಪಿದವರ ತಲೆ ಹೊತ್ತು ಮುಳುಗುವುದರೊಳಗೆ ಉರುಳುತ್ತದೆ."

ಕೊಗ್ಗನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ರಕ್ಕಸನೇ ತೆರೆ ಹಿಡಿದರೆ ಕುಣಿಯುವುದು ಯಾರು? ಪಾಪ, ಜನ ಸಾಲದೆ ಬಂದಿರಬೇಕು ಅಂದುಕೊಂಡು ಮೇಳದ ಕೆಂಪು ತೆರೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಒಗಟಿಗೆ ಬಂದವನೇ ಎಂದು ಅರಮನೆಯ ಬಾಗಿಲು ಕಾಯುವವ ಕೇಳಿದ. ಕೊಗ್ಗ ತಲೆಯಾಡಿಸಿದ.

ಒಳಗೆ ಆಟವೂ ಇರಲಿಲ್ಲ, ಚೆಂಡೆಯೂ ಇರಲಿಲ್ಲ. ದೊರೆ, ಮಂತ್ರಿ, ಸಭೆಯವರು ಸುತ್ತ ನಿಂತಿದ್ದರು; ನಡುವೆ ಮೇಜಿನ ಮೇಲೊಂದು ಕಂಪ್ಯೂಟರ್. ಅದರ ತುಂಬಾ ಕೋರೆಹಲ್ಲಿನ ಮುಖ, ಕೆಳಗೆ ಹಿಂದಕ್ಕೆ ಓಡುವ ಗಡಿಯಾರ. ದೊರೆಮಗಳು ಪದುಮಲೆ ಮೆಲ್ಲಗೆ ಹೇಳಿದಳು: ವೈರಸ್ ಹೊಕ್ಕು ಸ್ಕ್ರೀನ್ ಲಾಕ್ ಆಗಿದೆ, ಡಂಗುರದವನು ಅದನ್ನೇ ತೆರೆ ಅಂದದ್ದು. ಕೆರೆನೀರು ಯಾವ ಊರಿಗೆ ಯಾವ ದಿನ ಎಂಬ ಪಟ್ಟಿ ಅದರಲ್ಲೇ ಇದೆ, ಗಡಿಯಾರ ಮುಗಿದರೆ ಅದನ್ನು ಅಳಿಸುತ್ತೇನೆ ಅನ್ನುತ್ತಿದ್ದಾನೆ. ನಾಳೆ ತೂಬು ಎತ್ತಬೇಕು, ಪಟ್ಟಿ ಇಲ್ಲದಿದ್ದರೆ ಊರೂರಿಗೆ ಹೊಡೆದಾಟ. ಒಗಟು ತಪ್ಪಿದವರ ತಲೆ ಉರುಳುತ್ತದೆ. ಕೊಗ್ಗ ಎಲ್ಲದಕ್ಕೂ ತಲೆಯಾಡಿಸಿದ. ಅರ್ಥವಾದದ್ದು ತಲೆ ಉರುಳುವ ವಿಷಯ ಮಾತ್ರ, ಅದೂ ಆಮೇಲೆ.

ಅವನಿಗಿಂತ ಮುಂದೆ ಇಬ್ಬರಿದ್ದರು. ಪದುಮಲೆಯ ಕೈ ಹಿಡಿಯುವ ಆಸೆಯಿಂದ ಬಂದ ಗಡಿನಾಡಿನ ರಾಜಕುಮಾರ ಮುಂದೆ ನಿಂತ. ರಕ್ಕಸ ಮೊದಲ ಒಗಟು ಹಾಕಿದ: ಎಲ್ಲವನ್ನೂ ನುಂಗಿದ್ದೇನೆ, ಹೊಟ್ಟೆ ಮಾತ್ರ ಖಾಲಿ. ನುಂಗಿದ್ದು ಎಲ್ಲಿದೆ? ಉರಿದು ಬೂದಿಯಾಗಿದೆ ಎಂದ ರಾಜಕುಮಾರ. ಗಡಿಯಾರ ಒಂದು ತಾಸು ಕೆಳಗೆ ಜಾರಿತು, ಭಟರು ಅವನನ್ನು ಎಳೆದೊಯ್ದರು. ಎರಡನೆಯವನಾದ ಮುತ್ತಿನ ವ್ಯಾಪಾರಿ ಒಗಟಿನ ತಂಟೆಗೇ ಹೋಗಲಿಲ್ಲ, ತೆರೆ ಬಿಡಲು ರಕ್ಕಸ ಕೇಳಿದಷ್ಟು ಹೊನ್ನು ತೆತ್ತುಬಿಟ್ಟ. ಮುಖ ನಕ್ಕು, ಈಗ ಅದರ ಎರಡರಷ್ಟು ಕೊಡು ಎಂದಿತು. ಅವನನ್ನೂ ಎಳೆದೊಯ್ದರು.

ಕೊಗ್ಗನ ಸರದಿ ಬಂತು. ಅದೇ ಒಗಟು. ಅವನಿಗೆ ಗೊತ್ತಿದ್ದದ್ದು ತೆರೆಯೊಂದೇ.

"ನೀನು ಏನೂ ನುಂಗಿಲ್ಲ ಮಾರಾಯಾ," ಎಂದ. "ತೆರೆ ಹಿಡಿದಿದ್ದೀ ಅಷ್ಟೆ. ತೆರೆ ಹಿಡಿದರೆ ಹಿಂದಿನ ವೇಷ ಕಾಣುವುದಿಲ್ಲ, ಹಾಗಂತ ಸತ್ತುಹೋಗುತ್ತದಾ?"

ಗಡಿಯಾರ ನಿಂತಿತು. ಪದುಮಲೆ ಉಸಿರು ಬಿಟ್ಟಳು.

ಎರಡನೆಯದು: ಆರಿಸಿದರೂ ಹೊತ್ತಿಸಿದರೂ ಎಲ್ಲರಿಗಿಂತ ಮೊದಲು ನಾನೇ ಬರುತ್ತೇನೆ. ನಾನು ಬಾರದ ಆಟ ಯಾವುದು? ಕೊಗ್ಗನಿಗೆ ತಲೆಬುಡ ತಿಳಿಯಲಿಲ್ಲ. ಆರಿಸಿದರೆ ಏನಾಗುತ್ತದೆ ಎಂದು ಪದುಮಲೆಯನ್ನೇ ಕೇಳಿದ. ಮತ್ತೆ ಹೊತ್ತಿಸಿದಾಗ ಯಾರು ಯಾರು ಬರಬೇಕೆಂದು ಒಳಗೊಂದು ಪಟ್ಟಿ ಇರುತ್ತದೆ, ಅದರಲ್ಲಿ ಈತನೂ ಹೆಸರು ಬರೆಸಿಕೊಂಡಿದ್ದಾನೆ ಎಂದಳು.

"ಹಾಗಾದರೆ ವೇಷಗಳನ್ನು ಕರೆಯುವುದೇ ಬೇಡ," ಎಂದ ಕೊಗ್ಗ. "ಬರೀ ದೀಪ, ಬರೀ ಭಾಗವತರು. ಕರೆಯದೆ ಯಾವ ರಕ್ಕಸ ರಂಗಕ್ಕೆ ಬರುತ್ತಾನೆ?"

ಪದುಮಲೆಯ ಕಣ್ಣರಳಿತು. ಅಂಥದ್ದೊಂದು ದಾರಿ ಇದೆ, ಸೇಫ್ ಮೋಡ್ ಅನ್ನುತ್ತಾರೆ ಎಂದಳು. ಕೊಗ್ಗ ತಲೆಯಾಡಿಸಿದ. ಮುಖದ ಕೆಂಪು ಸ್ವಲ್ಪ ಇಳಿಯಿತು.

ಮೂರನೆಯದನ್ನು ರಕ್ಕಸ ಪಿಸುಗುಟ್ಟಿದ: ನಾನು ಬಾಗಿಲು ಒಡೆದಿಲ್ಲ, ಗೋಡೆ ಹಾರಿಲ್ಲ. ನನ್ನ ಕೈ ಹಿಡಿದು ಒಳಗೆ ಕರೆದವರು ಯಾರು?

ಶತ್ರುರಾಜ ಅಂದುಬಿಡು ಎಂದು ಮಂತ್ರಿ ಕಿವಿಯಲ್ಲಿ ಹೇಳಿದ. ಈ ಸಲ ಕೊಗ್ಗ ತಲೆಯಾಡಿಸಲಿಲ್ಲ. ಪದುಮಲೆ ನೆಲ ನೋಡುತ್ತಿದ್ದಳು. ಈ ಮುಖ ಬರುವ ಮೊದಲು ಇದರಲ್ಲಿ ಏನು ಕಂಡಿತ್ತು, ಅಮ್ಮಾ, ಎಂದು ಅವಳನ್ನು ಕೇಳಿದ. ಅವಳು ತಡವರಿಸಿ, ಪಟ್ಟದಾನೆಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ ಎಂದು ಬರೆದಿತ್ತು ಎಂದಳು. ಯಾರು ಒತ್ತಿದರು ಎಂದು ಅವಳು ಹೇಳಲಿಲ್ಲ. ಆ ಮೇಜಿನ ಮುಂದೆ ಇದ್ದದ್ದು ಒಂದೇ ಕುರ್ಚಿ, ಅದರ ಬೆನ್ನಿಗೆ ಸಿಂಹದ ತಲೆ ಕೆತ್ತಿತ್ತು.

ಸುಳ್ಳು ಹೇಳಿದರೆ ತಲೆ ಹೋಗುವುದು ಖಂಡಿತ. ನಿಜ ಹೇಳಿದರೆ ಏನೋ, ಅವನಿಗೆ ತಿಳಿಯದು.

"ಒಡೆಯಾ," ಎಂದ, "ತಾವೇ."

ಕಂಚಿರಾಯನ ಮೀಸೆ ಅದುರಿತು. "ಆನೆಗೆ ಬಹುಮಾನ ಅಂದರಲ್ಲ," ಎಂದ, ಚಿಕ್ಕ ದನಿಯಲ್ಲಿ. ರಕ್ಕಸನ ಬಾಯಿ ಮುಚ್ಚಿತು.

ಪದುಮಲೆ ಕೂಡಲೇ ಯಂತ್ರ ಆರಿಸಿ, ಯಾರನ್ನೂ ಕರೆಯದ ಆ ದಾರಿಯಲ್ಲಿ ಹೊತ್ತಿಸಿದಳು. ಮಂಕು ತೆರೆ ಬಂತು, ಮುಖ ಬರಲಿಲ್ಲ. ಬರುವವರ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿ, ಅವನು ತಂದದ್ದನ್ನು ಅಳಿಸಿ, ವೈರಸ್ ಹುಡುಕುವ ಪ್ರೋಗ್ರಾಮಿನಿಂದ ಮೂಲೆಮೂಲೆ ತಡಕಾಡಿಸಿದಳು. ನೀರಿನ ಪಟ್ಟಿ ಒಂದಕ್ಷರ ಅಲುಗದೆ ಅಲ್ಲೇ ಇತ್ತು. ಅದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಯಂತ್ರದಿಂದ ಕಿತ್ತು ಪೆಟ್ಟಿಗೆಯಲ್ಲಿಟ್ಟಳು. ಎಷ್ಟೋ ದಿನದಿಂದ ನಾಳೆ ನಾಳೆ ಎಂದು ಮುಂದೂಡಿದ್ದ ಅಪ್‌ಡೇಟನ್ನೂ ಹಾಕಿದಳು.

ಸೆರೆಯಲ್ಲಿದ್ದ ಇಬ್ಬರನ್ನು ದೊರೆ ಬಿಡಿಸಿದ. ಕೊಗ್ಗನ ಕೊರಳಿಗೆ ತನ್ನ ಹಾರ ಹಾಕಿ, ಇನ್ನೇನು ಬೇಕೋ ಕೇಳು ಎಂದ.

ಕೊಗ್ಗ ಪದುಮಲೆಯ ಕಡೆ ನೋಡಿದ. ಒಂದು ಮಾತು ಎಷ್ಟು ಸಲ ಹೇಳಿದರೂ ಅಪ್ಪ ಕೇಳುವುದಿಲ್ಲ ಎಂದು ಅವಳು ಆಗಲೇ ಅವನ ಕಿವಿಗೆ ಹಾಕಿದ್ದಳು. ಅವನಿಗೆ ಅದು ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಕೈ ಮುಗಿದು ಹೇಳಿದ:

"ದೊರೆಯ ಹೆಸರಿನಲ್ಲಿ ಒಳಗೆ ಹೋದರೆ ತಮ್ಮ ಕೈಹಿಡಿದು ಬಂದವನಿಗೂ ದೊರೆಯ ಅಧಿಕಾರ ಸಿಗುತ್ತದಂತೆ ಒಡೆಯಾ. ಇನ್ನು ಮುಂದೆ ಈ ಯಂತ್ರದೊಳಗೆ ತಾವು ನಮ್ಮಂಥವರ ಹಾಗೆ, ಸಾದಾ ಹೆಸರಿನಲ್ಲಿ ಹೋಗಬೇಕು. ಅಷ್ಟೇ ಬೇಡುವುದು."

ಕಂಚಿರಾಯ ಕಿರೀಟವನ್ನು ಒಮ್ಮೆ ಸರಿಮಾಡಿಕೊಂಡು, ಕಿಟಕಿಯ ಹೊರಗೆ ನೋಡುತ್ತಲೇ, "ಆಗಲಿ, ಸಾದಾ ಹೆಸರೇ ಬರೆ," ಎಂದು ಮಗಳಿಗೆ ಹೇಳಿದ.