ಕೆಂಪು ಗುಡ್ಡದ ಮೇಲೆ ಗೇಣು ಮಣ್ಣು ನಿಂತದ್ದು

ಆಗ ಭೂಮಿ ಹೊಸದು. ಯಾವ ಗುಡ್ಡ ಎಲ್ಲಿ ಕೂರಬೇಕು, ಯಾವ ಹೊಳೆ ಯಾವ ಕಡೆ ಹರಿಯಬೇಕು ಅನ್ನುವುದು ಆಗತಾನೆ ತೀರ್ಮಾನವಾಗಿತ್ತು. ಕಲ್ಲು, ಗಾಳಿ, ಕುರಿ, ಮನುಷ್ಯರು ಎಲ್ಲರದ್ದೂ ಒಂದೇ ಮಾತು. ಹಾಗಾಗಿ ಯಾರು ಯಾರ ಜೊತೆ ಬೇಕಾದರೂ ಜಗಳ ಆಡಬಹುದಿತ್ತು.

ಆ ಕಾಲದಲ್ಲಿ ಕೆಂಪು ಗುಡ್ಡ ಬರೀ ಬಂಡೆ. ತಲೆಯಿಂದ ಪಾದದವರೆಗೆ ಬಂಡೆ. ಒಂದು ಚಿಟಿಕೆ ಮಣ್ಣಿಲ್ಲ, ಒಂದು ಎಳೆ ಹುಲ್ಲಿಲ್ಲ.

ಯಾಕೆ ಅಂದರೆ, ಗುಡ್ಡ ಹುಟ್ಟಿದ್ದೇ ಹೊಳೆಯ ಮರಳಿನಿಂದ. ಮೊಟ್ಟಮೊದಲು ಹೊಳೆಯ ಮಡಿಲಲ್ಲಿದ್ದ ಮರಳೆಲ್ಲ ಒಂದನ್ನೊಂದು ಅಪ್ಪಿಕೊಂಡು, ಒತ್ತಿಕೊಂಡು, ಗಟ್ಟಿಯಾಗಿ ಬಂಡೆಯಾಗಿ ಎದ್ದು ನಿಂತಿತ್ತು. ಹೊಳೆ ಅದನ್ನು ಮರೆತಿರಲಿಲ್ಲ. ಯಾವ ತಾಯಿ ಮರೆಯುತ್ತಾಳೆ? ಬಿಸಿಲಿಗೆ ಕಾದು ಚಳಿಗೆ ಬಿರಿದು ಬಂಡೆಯಿಂದ ಒಂದು ಹರಳು ಮರಳು ಉದುರಿದರೆ ಸಾಕು, ನನ್ನ ಕೂಸು ಬಿದ್ದಿದೆ, ಎತ್ತಿಕೊಂಡು ಬಾ ಅಂತ ಗಾಳಿಗೆ ಹೇಳುತ್ತಿದ್ದಳು. ಒಂದು ಹರಳು ಉದುರುವುದು, ಗಾಳಿ ಒಯ್ಯುವುದು. ಇನ್ನೊಂದು ಉದುರುವುದು, ಗಾಳಿ ಅದನ್ನೂ ಒಯ್ಯುವುದು.

ಗುಡ್ಡದ ಕೆಳಗೆ ಕಪ್ಪು ಮಣ್ಣಿನ ಬಯಲು. ಅಲ್ಲಿ ಮಾಳವ್ವ ಅನ್ನುವ ಕುರಿಗಾರ ಹೆಂಗಸು, ಅವಳ ಅತ್ತೆ ಕಲ್ಲವ್ವ, ಮೂವತ್ತು ಕುರಿಗಳು ಇದ್ದರು. ಉಳುಮೆ ಶುರುವಾಗಿದ್ದೇ ತಡ, ಬಯಲಿನವರು ಇನ್ನು ಕುರಿ ಬೇಡ, ಹೊಲಕ್ಕೆ ಕಾಲಿಡಬೇಡಿ ಅಂದುಬಿಟ್ಟರು. ಕಪ್ಪು ಮಣ್ಣಂತೂ ಗುಡ್ಡವನ್ನು ತೋರಿಸಿ ನಕ್ಕಿತು. "ಅಕಾ, ಅಲ್ಲಿಗೆ ಹೋಗ್ರಿ. ಮೇಯಾಕ ಬಂಡಿಗಲ್ಲ ಅದ, ಕುಡಿಯಾಕ ಬಿಸಿಲದ."

ಕುರಿಗಳಲ್ಲಿ ಹನ್ನೊಂದು ಬಸುರಿ. ಇನ್ನೊಂದು ತಿಂಗಳಿಗೆ ಈಯುತ್ತವೆ. ತಾಯಿ ಮೇಯದಿದ್ದರೆ ಮರಿಗೆ ಹಾಲಿಲ್ಲ. ಹಾಲಿಲ್ಲದ ಮರಿ ಎರಡು ದಿನ ಅರಚುತ್ತದೆ, ಮೂರನೇ ದಿನ ಅರಚುವುದಿಲ್ಲ. ಮಾಳವ್ವನಿಗೆ ಅದು ಗೊತ್ತಿತ್ತು.

ಅವಳು ಮೊದಲು ಬಂಡೆಯ ಹತ್ತಿರ ಹೋದಳು. ಒಂದಿಷ್ಟು ಮಣ್ಣು ಕೊಡು ಅಂತ ಕೇಳಿದಳು. ಬಂಡೆ ಪಾಪ, ಕೊಡುವುದೇನೋ ಕೊಡುತ್ತೇನೆ, ಮೈಯನ್ನೇ ಉಜ್ಜಿ ಕೊಡುತ್ತೇನೆ, ಹೊಳೆ ಅದನ್ನು ನಿಲ್ಲಲು ಬಿಡಬೇಕಲ್ಲ ಅಂದಿತು. ಅವಳು ಹೊಳೆಯ ಹತ್ತಿರ ಹೋದಳು. ಉದುರಿದ್ದನ್ನು ಒಯ್ಯಬೇಡ, ನನ್ನ ಮರಿಗಳಿಗೆ ಹುಲ್ಲು ಬೇಕು ಅಂದಳು.

"ನಿನಗ ನಿನ್ನ ಮರಿ ಚಿಂತಿ," ಅಂದಳು ಹೊಳೆ. "ನನಗ ನನ್ನ ಮರಿ ಚಿಂತಿ. ಮೊದಲ ಮಳಿ ತನಕ ಗಾಳೀನ ಹಿಡಿದಿಡತೀನಿ. ಆ ಮಳಿಗೆ ಜಾರಿ ಬಂದದ್ದು ನಂದು. ನಿಂತದ್ದು ನಿಂದು."

ಬಂಡೆ ಅವತ್ತಿನಿಂದ ಮೈ ಉಜ್ಜಿಕೊಳ್ಳತೊಡಗಿತು. ಸರ್ ಸರ್ ಅಂತ ಕೆಂಪು ಮರಳು ಉದುರಿತು. ಗೇಣು ಎತ್ತರ ಆಗುವಷ್ಟರಲ್ಲಿ ಅದಕ್ಕೆ ಉಸಿರು ಸಾಕಾಯಿತು. ಇನ್ನು ಆಗಲ್ಲ ಕಣವ್ವಾ ಅಂತು.

ಮರಳನ್ನು ಹಿಡಿದಿಡುವುದು ಹೇಗೆ? ಮಾಳವ್ವನಿಗೆ ಬರುತ್ತಿದ್ದದ್ದು ಒಂದೇ ಕೆಲಸ, ಕಂಬಳಿ ನೇಯುವುದು. ಗುಡ್ಡಕ್ಕೇ ಒಂದು ಕಂಬಳಿ ಹೊದಿಸುತ್ತೇನೆ ಅಂದಳು. ಆಗಿನ ಕುರಿಗಳಿಗೆ ಮೋಡದಷ್ಟು ಉಣ್ಣೆ. ಮೂವತ್ತರ ಉಣ್ಣೆಯನ್ನೂ ಕತ್ತರಿಸಿದಳು. ಕುರಿಗಳು ಒಂದನ್ನೊಂದು ನೋಡಿ ನಾಚಿಕೊಂಡವು.

ಕಂಬಳಿ ನೇಯುವವರಿಗೆ ಎರಡು ನೇಮ. ಮೊದಲು ಉಣ್ಣೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜ, ಮುಳ್ಳು ಎಲ್ಲ ಆರಿಸಬೇಕು. ಆಮೇಲೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಗಂಜಿ ಕುಡಿದ ಕಂಬಳಿ ಬಿರುಸಾಗಿರುತ್ತದೆ, ಮಳೆ ಬಿದ್ದರೆ ನೀರು ಮೇಲೇ ಜಾರಿ ಹೋಗುತ್ತದೆ.

ಆದರೆ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಾಳವ್ವ ಬೀಜ ಆರಿಸಲಿಲ್ಲ. ಗಂಜಿ ಹಚ್ಚಲಿಲ್ಲ. ಹಾಗೇ ನೇಯ್ದಳು. ಅದೂ ಸಡಿಲವಾಗಿ.

ಕಲ್ಲವ್ವ ಒಂದು ಅಂಚು ಹಿಡಿದು ಬೆರಳಿನಿಂದ ಉಜ್ಜಿ ನೋಡಿದಳು. ಅವಳ ಮುಖ ಗಂಟಾಯಿತು. ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಇಂಥದ್ದು ನೇಯ್ದಿಲ್ಲ, ಇದು ಕಂಬಳಿಯೋ ಮೀನಿನ ಬಲೆಯೋ ಅಂದಳು. ಮಾಳವ್ವನಿಗೆ ಅಳು ಬಂದಿತ್ತು, ಅಳಲು ಹೊತ್ತಿರಲಿಲ್ಲ. ಇಬ್ಬರೂ ಸೇರಿ ಮರಳಿನ ಮೇಲೆ ಕಂಬಳಿ ಹಾಸಿದರು. ಉಣ್ಣೆ ಸಾಲದೆ ಅಲ್ಲಲ್ಲಿ ಬಂಡೆಯ ಮೊಣಕಾಲು, ಮೊಣಕೈ ಹೊರಗೇ ಉಳಿದವು.

ಮಳೆ ಬಂತು.

ಕೆಳಗೆ ಹೊಳೆ ಕೈ ಚಾಚಿ ಕಾದಿದ್ದಳು. ಮೇಲೆ ಮಾಳವ್ವ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಕೂತಿದ್ದಳು. ಈಗ ಜಾರುತ್ತದೆ, ಈಗ ಜಾರುತ್ತದೆ ಅಂದುಕೊಂಡಳು. ನೀರು ಜಾರಲಿಲ್ಲ. ಬಿದ್ದ ಹನಿ ಬಿದ್ದಲ್ಲೇ ಕಂಬಳಿಯೊಳಗೆ ಇಳಿಯಿತು, ಮರಳಿನೊಳಗೆ ಇಳಿಯಿತು, ಬಂಡೆಯ ಬಿರುಕಿನಲ್ಲಿ ಹೋಗಿ ಕೂತಿತು. ಮಳೆ ನಿಂತಾಗ ಗುಡ್ಡದ ಮೇಲೆ ಒಂದು ಬೊಗಸೆ ನೀರೂ ನಿಂತಿರಲಿಲ್ಲ. ಒಂದು ಹಿಡಿ ಮರಳೂ ಹೋಗಿರಲಿಲ್ಲ.

ಕಲ್ಲವ್ವ ಒದ್ದೆ ಸೆರಗು ಹಿಂಡುತ್ತಾ ಬಂದು ಸೊಸೆಯ ಪಕ್ಕ ಕೂತಳು.

"ಗಂಜಿ ಹಚ್ಚಿದ್ದರ ನೀರು ಜಾರತಿತ್ತು," ಅಂದಳು. "ನೀರಿನ ಬೆನ್ನ ಹಿಂದ ಮರಳೂ ಹೋಗತಿತ್ತು." ಸೆರಗು ಕೊಡವಿ ಮತ್ತೆ ಅಂದಳು, "ಹಂಗಂತ ಇದನ್ನ ಯಾರಿಗೂ ಹೇಳಬ್ಯಾಡ. ಕಂಬಳಿಯವರು ನನ್ನ ಹೊಸ್ತಿಲಾ ತುಳಿಯೂದಿಲ್ಲ."

ಮಾಳವ್ವ ಆಗ ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟಳು.

ನಾಲ್ಕನೇ ದಿನ ಉಣ್ಣೆಯಲ್ಲಿ ಉಳಿದಿದ್ದ ಬೀಜಗಳು ಮೊಳೆತವು. ಸಣ್ಣ ಸಣ್ಣ ಹುಲ್ಲು, ಎಳೆ ಎಳೆ ಹುಲ್ಲು. ಬೇರಿಗೆ ಆಳಕ್ಕೆ ಹೋಗೋಣ ಅಂದರೆ ಗೇಣಿಗೇ ಬಂಡೆ. ಅದಕ್ಕೆ ಅಡ್ಡಡ್ಡ ಹಬ್ಬಿತು, ಉಣ್ಣೆಯ ದಾರಿ ಹಿಡಿದೇ ಹಬ್ಬಿತು. ಉಣ್ಣೆ ಕೊಳೆತು ಮಣ್ಣಾದಾಗ ಹುಲ್ಲಿನ ಬೇರೇ ಕಂಬಳಿಯಾಗಿತ್ತು. ಹನ್ನೊಂದು ಕುರಿಗಳೂ ಈದವು. ಒಂದು ಅವಳಿಯನ್ನೇ ಹಾಕಿತು. ಹನ್ನೆರಡು ಮರಿಗಳು ಬಾಲ ಅಲ್ಲಾಡಿಸುತ್ತಾ ಹಾಲು ಕುಡಿದವು.

ಹೊಳೆ ಮಾತಿಗೆ ತಪ್ಪಲಿಲ್ಲ. ಆದರೆ ಮರಿಗಳನ್ನು ನೋಡಲು ಬಂದಾಗ ಮಾಳವ್ವನಿಗೆ ಒಂದು ಮಾತು ಹೇಳಿದಳು. "ನಿನ್ನ ಕುರಿ ಒಂದೇ ಕಡೆ ನಿಂತು ಬುಡ ಕಿತ್ತರ ಕಂಬಳಿ ಹರೀತದ. ಹರಿದಲ್ಲಿ ಉದುರಿದ್ದು ಮತ್ತ ನಂದು. ಬಂಡಿ ಇನ್ನೊಮ್ಮೆ ಅಷ್ಟು ಕೊಡಾಕ ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಕಾಯಬೇಕು."

ಅದಕ್ಕೇ ಇವತ್ತಿಗೂ ಕೆಂಪು ಗುಡ್ಡದಲ್ಲಿ ಗುದ್ದಲಿ ಹಾಕಿದರೆ ಗೇಣಿಗೇ ಟಣ್ ಅನ್ನುತ್ತದೆ, ಮಳೆ ನಿಂತ ಗಳಿಗೆಗೇ ಚಪ್ಪಲಿಗೆ ಕೆಸರು ಹತ್ತದೆ ನಡೆಯಬಹುದು, ಕೆಳಗಿನ ಕಪ್ಪು ಹೊಲ ಇನ್ನೂ ಕೆಸರಲ್ಲಿ ಕೂತಿರುವಾಗಲೇ ಅಲ್ಲಿ ಹಸಿರು ಎದ್ದಿರುತ್ತದೆ. ಮತ್ತೆ ನೀನು ನೋಡಿದ್ದೀಯಲ್ಲ, ಎಷ್ಟೇ ಹಸಿದಿದ್ದರೂ ಆ ಗುಡ್ಡದ ಕುರಿಗಳನ್ನು ಕುರಿಗಾರರು ನಿಲ್ಲಲು ಬಿಡುವುದಿಲ್ಲ, ಎರಡು ಬಾಯಿ ಮೇಯಿಸಿ, ಹುರ್ರ್ ಅಂತ ಮೆಲ್ಲಗೆ ಮುಂದಕ್ಕೆ ನಡೆಸುತ್ತಾರೆ.