ಕಣದವ್ವನ ಕಸಬರಿಗೆ

"ಗುರುಗಳೇ, ಮಾಟಗಾತಿಯರು ಕಸಬರಿಗೆಯ ಮೇಲೆ ಕುಳಿತು ಹಾರುತ್ತಾರೆ ಅನ್ನುತ್ತಾರಲ್ಲ, ಕಸಬರಿಗೆಯೇ ಏಕೆ?" ಎಂದು ಶಿಷ್ಯ ಕೇಳಿದ. ಹಾರುವ ಶಕ್ತಿಯೇ ಇದ್ದವಳಿಗೆ ಒಂದು ಕುದುರೆಯೋ ಮಂಚವೋ ಸಿಗದೆ ಹೋಯಿತೇ ಎಂಬುದು ಅವನ ಅನುಮಾನ.

ಗುರುಗಳು ನಕ್ಕರು. "ಬೆಳಗಿನಿಂದ ಶಾಸ್ತ್ರ ಓದಿದ್ದಕ್ಕೆ ಹುಟ್ಟಿದ ಪ್ರಶ್ನೆಯೇ ಇದು? ಇರಲಿ, ಕೂತುಕೋ" ಎಂದು ಕತೆ ಶುರು ಮಾಡಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಮುಪ್ಪಿನಲ್ಲಿ ಅವನಿಗೆ ಮದುವೆ ಮುಂಜಿಗಳು ನೆನಪಾಗುತ್ತಿರಲಿಲ್ಲ. ನೆನಪಾಗುತ್ತಿದ್ದುದು ಸುಗ್ಗಿಯ ಕಣವೊಂದೇ. ಆ ನೆನಪು ಬಂತೆಂದರೆ ಮುಂದಿಟ್ಟ ಊಟ ಆರಿಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಆಗೆಲ್ಲ ಜೋಳವನ್ನು ಗಾಳಿಗೆ ತೂರಿಯೇ ಹಸನು ಮಾಡಬೇಕಿತ್ತು. ಗಂಡಸರು ಎತ್ತರದ ಮುಕ್ಕಾಲಿಯ ಮೇಲೆ ನಿಂತು ಬುಟ್ಟಿಯಿಂದ ಸುರಿಯುವರು. ಹೊಟ್ಟು ಗಾಳಿಯ ಪಾಲು, ಕಾಳು ರಾಶಿಯ ಪಾಲು. ಗಾಳಿ ಇಲ್ಲದಿದ್ದರೆ ಕೈಕಟ್ಟಿ ಕೂರುವುದೇ ಕೆಲಸ. ಅದಕ್ಕೇ ಆ ಊರಿನ ಕಣಗಳಿಗೆಲ್ಲ ಒಬ್ಬ ಮುದುಕಿ ಬೇಕಿತ್ತು. ಅವಳನ್ನು ಕಣದವ್ವ ಎನ್ನುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವಳು. ಕಣಗಳ ಅಂಚಿನಲ್ಲಿ ಅವಳ ಗುಡಿಸಲು. ಮೆತ್ತನೆಯ ಹುಲ್ಲಿನ ಕಸಬರಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಅದರ ತುದಿ ಎತ್ತ ಬಾಗುತ್ತದೆಂದು ನೋಡುವಳು. "ಏಳ್ರೋ, ಬಂತು" ಎನ್ನುವಳು. ಮುಕ್ಕಾಲಿ ಆ ಕಡೆಗೆ ತಿರುಗಿತೋ ಇಲ್ಲವೋ, ಗಾಳಿ ಬಂದೇಬಿಡುತ್ತಿತ್ತು. ಆಮೇಲೆ ಅದೇ ಕಸಬರಿಗೆಯಿಂದ ರಾಶಿಯ ಮೇಲಿನ ಕಸಕಡ್ಡಿಯನ್ನು ಮೆಲ್ಲಗೆ ಸವರುವಳು.

ಆ ಕಸಬರಿಗೆ ಕೈಯಿಂದ ಕೈಗೆ ಹೋಗುವಂಥದ್ದು. ಕಣದವ್ವ ತನಗೆ ಕೈಲಾಗದ ಕಾಲಕ್ಕೆ ಅದನ್ನು ಊರಿನ ಒಬ್ಬ ಹುಡುಗಿಗೆ ಕೊಡುವಳು. ತೆಗೆದುಕೊಂಡವಳೇ ದೊಡ್ಡವಳಾಗಿ ಮುಂದಿನ ಕಣದವ್ವ.

ರೈತನಿಗೆ ನೀಲಿ ಎಂಬ ಪುಟ್ಟ ಮಗಳಿದ್ದಳು. ಅವಳು ಹಗಲೆಲ್ಲ ಆ ಮುದುಕಿಯ ಸೆರಗು ಹಿಡಿದೇ ತಿರುಗುವಳು. ಮುದುಕಿ ಮಕ್ಕಳಿಗೆಲ್ಲ ಹುರಿದು ಅರಳಿಸಿದ ಜೋಳದ ಅಳ್ಳು, ಬೆಲ್ಲ ಹಂಚುವಳು. "ಆಯಿ, ಗಾಳಿ ಕರಿ" ಎಂದು ಮಕ್ಕಳು ಪೀಡಿಸಿದರೆ ಕೆನ್ನೆ ಉಬ್ಬಿಸಿ ಉಫ್ ಎಂದು ಊದುವಳು. ದೊಡ್ಡವರೂ ಬಿಡುತ್ತಿರಲಿಲ್ಲ.

"ಕಣದವ್ವಾ, ಗಾಳೀನ ಎಲ್ಲಿ ಕಟ್ಟಿ ಹಾಕೀಯಬೇ? ಬಿಡು ಇನ್ನ!"

"ಮದಲ ಚಾ ಕುಡಸ್ರಿ, ಆಮ್ಯಾಲ ಬಿಡತೀನಿ."

ಕಣವೆಲ್ಲ ನಗುತ್ತಿತ್ತು. ತಲೆತುಂಬ ಹೊಟ್ಟು, ಬಾಯಿತುಂಬ ನಗು. ಮುದುಕನಾದ ರೈತನಿಗೆ ಆ ನಗು ಕಿವಿಗೆ ಬಂದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಸುಗ್ಗಿಯಲ್ಲಿ ಗಾಳಿ ಬರಲೇ ಇಲ್ಲ. ಎತ್ತಿ ಹಿಡಿದ ಕಸಬರಿಗೆಯ ಒಂದು ಎಳೆಯೂ ಅಲುಗಲಿಲ್ಲ. ಅಕಾಲದಲ್ಲಿ ಮೋಡ ಕಟ್ಟತೊಡಗಿತು. ರೈತ ಮುದುಕಿಯ ಬಳಿ ಹೋಗಿ, "ಯವ್ವಾ, ಚಾಷ್ಟಿ ಮಾಡಿದ್ದು ಸಾಕು. ಹೆಂಗಾರ ಮಾಡಿ ಗಾಳಿ ಕರಿ" ಎಂದ.

"ಗಾಳಿ ನನ್ನ ಮಾತು ಕೇಳತೈತೇನೋ ತಮ್ಮಾ? ಅದು ಬರೂದು ನನಗ ಒಂದೀಟು ಮದಲ ತಿಳೀತೈತಿ, ಅಷ್ಟ. ಈಗ ಬರೂದು ತೂರೂ ಗಾಳಿ ಅಲ್ಲ. ರಾಶಿ ಮ್ಯಾಲ ತಾಡಪತ್ರಿ ಹಾಕಿ ಬಿಗಿ" ಎಂದಳು ಮುದುಕಿ.

ಈ ಮಾತನ್ನು ಅವಳು ಕಣಕಣಕ್ಕೂ ಹೋಗಿ ಹೇಳಿದಳು. ದಿನಾ ಅವಳೊಡನೆ ನಕ್ಕು ರೂಢಿಯಾದವರು ಇದಕ್ಕೂ ನಕ್ಕರು. ರೈತನೊಬ್ಬನೇ ತಾಡಪತ್ರಿ ಹೊದಿಸಿ, ಸುತ್ತ ಕಲ್ಲು ಹೇರಿ, ಹಗ್ಗ ಬಿಗಿದ. ಮಧ್ಯಾಹ್ನ ಬಿರುಗಾಳಿ ಬಂತು, ಬೆನ್ನಿಗೇ ಮಳೆ. ವರ್ಷದ ಅನ್ನ ಹಳ್ಳದ ಪಾಲಾಯಿತು. ಉಳಿದದ್ದು ರೈತನ ರಾಶಿಯೊಂದೇ.

ಮಳೆ ನಿಂತ ಮೇಲೆ ಜನ ಕಣದಲ್ಲಿ ಸೇರಿದರು. ಕೆಸರಿನಲ್ಲಿ ಕಾಳು ಹೆಕ್ಕುತ್ತಿದ್ದವನೊಬ್ಬ ಎದ್ದು ನಿಂತು, "ಗಾಳಿ ಕಟ್ಟತೀನಿ, ಬಿಡತೀನಿ ಅಂತ ಇಕೀನ ಹೇಳತಿದ್ಲಲ್ಲ!" ಎಂದು ಕೂಗಿದ. ಅಷ್ಟು ವರ್ಷ ಎಲ್ಲರೂ ನಕ್ಕ ಮಾತು ಅದು. ಆ ಹೊತ್ತು ಯಾರೂ ನಗಲಿಲ್ಲ. ಹಸಿವಿನ ಭಯ ಹೊಕ್ಕವರಿಗೆ ತಪ್ಪು ಹೊರಿಸಲು ಒಂದು ಹೆಗಲು ಬೇಕಾಗಿತ್ತು, ಸಿಕ್ಕಿತು. ಮಾಟಗಾತಿ ಎಂದರು. ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕು ಎಂದರು. "ಇವನ ರಾಶಿ ಒಂದ ಹೆಂಗ ಉಳೀತು?" ಎಂದು ಯಾರೋ ಹಿಂದಿನಿಂದ ಅಂದರು. ಜನ ರೈತನ ಕಡೆ ತಿರುಗಿದರು.

ಅವಳು ಎಲ್ಲರಿಗೂ ಹೇಳಿದ್ದಳು, ನಾನು ಕೇಳಿದೆ, ನೀವು ಕೇಳಲಿಲ್ಲ ಎಂದು ರೈತ ಹೇಳಿದ್ದರೆ ಮುಗಿಯುತ್ತಿತ್ತು. ಅವನ ನಾಲಿಗೆ ಹೊರಳಲಿಲ್ಲ.

ಮುದುಕಿ ಒಂದು ಸೀರೆಯನ್ನು ಗಂಟು ಕಟ್ಟಿಕೊಂಡು ಬಂದಳು. ನೇರವಾಗಿ ರೈತನ ಮುಂದೆ ನಿಂತು ಕಸಬರಿಗೆ ಚಾಚಿದಳು. "ತಮ್ಮಾ, ಇದನ್ನ ನೀಲಿಗೆ ಕೊಡು. ಆ ಕೂಸಿಗೆ ಗಾಳಿ ತಿಳೀತೈತಿ."

ಕೈ ಚಾಚಿದ್ದರೆ ಸಾಕಿತ್ತು. ಆದರೆ ಊರೆಲ್ಲ ನೋಡುತ್ತಿತ್ತು, ಅವನನ್ನೂ ಅವನ ಹಿಂದಿನ ರಾಶಿಯನ್ನೂ. ಅದನ್ನು ಮುಟ್ಟಿದರೆ ನಾಳೆ ತನ್ನ ಗತಿಯೂ ಇದೇ, ಮಗಳ ಗತಿಯೂ ಇದೇ ಎಂದುಕೊಂಡ. ಅವನ ಕೈ ಮುಂದೆ ಬರಲಿಲ್ಲ. ಮುದುಕಿ ಸ್ವಲ್ಪ ಹೊತ್ತು ಕಾದಳು. ಯಾರಿಗೂ ಬೇಡವಾದ ಕಸಬರಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಅವನು ತಲೆ ಎತ್ತುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಮನೆಯಲ್ಲಿ ನೀಲಿ ಕಾಯುತ್ತಿದ್ದಳು. "ಅಪ್ಪಾ, ಗುಡಿಸಲಾಗ ಆಯಿ ಇಲ್ಲ. ಎಲ್ಲಿ ಹ್ವಾದ್ಲು?"

ನೆಂಟರ ಊರಿಗೆ ಎನ್ನೋಣವೆಂದರೆ ಅವಳಿಗೆ ನೆಂಟರಿಲ್ಲವೆಂದು ಮಗುವಿಗೂ ಗೊತ್ತು. ಸತ್ತಳು ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಲಂತೂ ಆಗಲೇ ಇಲ್ಲ.

"ನನಗ ಕೊಡತೀನಿ ಅಂದಿದ್ಲಲ್ಲ, ಕಸಬರ್ಗಿ? ಅದೆಲ್ಲಿ?"

"ಅದರ ಮ್ಯಾಲ ಕುಂತು ಹಾರಿ ಹ್ವಾದ್ಲವ್ವಾ" ಎಂದುಬಿಟ್ಟ.

ಮಗು ಬಾಯಿ ತೆರೆದು ಆಕಾಶ ನೋಡಿತು. ಚಪ್ಪಾಳೆ ತಟ್ಟಿ ಕುಣಿಯಿತು. ರೈತನಿಗೆ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಮರುದಿನ ಊರಿನ ಮಕ್ಕಳೆಲ್ಲ ಮೇಲೆ ನೋಡುತ್ತ ಓಡಾಡಿದರು. ಬೇರೆ ಅಪ್ಪಂದಿರಿಗೂ ಅದೇ ಅನುಕೂಲವಾಯಿತು, ಯಾರೂ ಅಲ್ಲವೆನ್ನಲಿಲ್ಲ.

ಕಸಬರಿಗೆ ಹಿಡಿಯುವವರಿಲ್ಲದೆ ಕಣಗಳು ಮಂಕಾದವು. ಆಮೇಲೆ ಯಂತ್ರ ಬಂತು, ಕಣಗಳ ಮೇಲೆ ನೇಗಿಲು ಹರಿಯಿತು. ಹಾರಿದವಳಿಗೆ ಮಾತ್ರ ಜನರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಹಲ್ಲು ಬೆಳೆದವು, ಉಗುರು ಬೆಳೆದವು. ಉಣ್ಣದ ಮಕ್ಕಳನ್ನು ಅವಳ ಹೆಸರು ಹೇಳಿ ಹೆದರಿಸಿದರು.

ನೀಲಿಯ ಮಕ್ಕಳು ಹಾಗೆ ಬೆದರಿದ್ದನ್ನು ಒಂದು ದಿನ ಮುದುಕ ಕಂಡ. ತಡೆಯಲಾಗಲಿಲ್ಲ. "ಆಕಿ ಮಾಟಗಾತಿ ಅಲ್ರೋ. ನಿಮ್ಮವ್ವಗ ಅಳ್ಳು ತಿನ್ನಿಸಿದಾಕಿ. ಆಕಿ ಹಾರಲಿಲ್ಲ, ನಡಕೊಂತ ಹ್ವಾದ್ಲು" ಎಂದ.

ಒಳಗಿನಿಂದ ಬಂದ ನೀಲಿ ನಕ್ಕಳು. "ಅಪ್ಪಾ, ಹಾರೂದನ್ನ ಕಂಡು ಬಂದು ನನಗ ಹೇಳಿದಾಂವ ನೀನ ಅಲ್ಲೇನು?"

ಆಮೇಲೆ ಮುದುಕನ ಮಾತನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ಸಂಜೆ ಗಾಳಿ ಎದ್ದಾಗ ಅವನು ಕಟ್ಟೆಯ ಮೇಲೆ ಕುಳಿತು ಬಲಗೈಯನ್ನು ಮುಂದಕ್ಕೆ ಚಾಚುತ್ತಿದ್ದ. ಅವಳು ಇನ್ನೊಮ್ಮೆ ಎದುರಿಗೆ ಬಂದು ನಿಂತಿದ್ದರೆ ಎಂದು ಅವನ ಜೀವ ಹಂಬಲಿಸುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಗುರುಗಳೇ, ಆ ಮುದುಕಿ ಎಲ್ಲಿಗೆ ಹೋದಳು?"

"ಈ ಪ್ರಶ್ನೆಯನ್ನು ಯಾರೂ ಕೇಳಬಾರದೆಂದೇ ಅಲ್ಲವೇನಪ್ಪ, ಅವಳನ್ನು ಕಸಬರಿಗೆಯ ಮೇಲೆ ಕೂರಿಸಿದ್ದು?"